ಹಳೆಯ ಬೆಟ್ಟಕ್ಕೆ ಒಬ್ಬನೇ

*ದಿನದ ಧಮ್ಮ ಚಿಂತನೆ*

 

ಕಳೆದ ಭಾನುವಾರದ ಅಧ್ಯಯನದಲ್ಲಿ ಕಿರಿಯ ಮಿತ್ರರೊಬ್ಬರು ಕೇಳಿದರು: "ಇಷ್ಟವಾದ ಜಾಗಕ್ಕೆ ಮತ್ತೆ ಮತ್ತೆ ಹೋಗಬೇಕು ಅನ್ನಿಸುವುದೂ ತೃಷ್ಣೆಯೇ ಅಲ್ಲವೇ? ಹಾಗಾದರೆ ಚಾರಣ, ಪ್ರವಾಸ ಎಲ್ಲ ಬಿಟ್ಟುಬಿಡಬೇಕೇ?" ಸಮಯ ಮುಗಿದಿದ್ದರಿಂದ ಮಾತು ಅರ್ಧಕ್ಕೆ ನಿಂತಿತು. ಇಂದು ಬರೆಯುವ ಸರದಿ ನನ್ನದು, ಅದನ್ನೇ ಎತ್ತಿಕೊಳ್ಳುತ್ತೇನೆ. ಈ ಪ್ರಶ್ನೆ ನನಗೂ ಹೊಸದಲ್ಲ.

ನನ್ನ ಪಾಲಿಗೆ ಅಂಥ ಜಾಗ ಕುಮಾರ ಪರ್ವತ. ಕುಕ್ಕೆ ಸುಬ್ರಹ್ಮಣ್ಯದ ಹಿಂದೆ ಗೋಡೆಯಂತೆ ಎದ್ದಿರುವ ಶೇಷ ಪರ್ವತ, ಅದರಾಚೆಗೆ 1,712 ಮೀಟರ್ ಎತ್ತರದ ಶಿಖರ. ಚಾರಣದವರ ಬಾಯಲ್ಲಿ ಅದು ಬರೀ 'ಕೆಪಿ'. 2003ರಲ್ಲಿ ನಾವು ನಾಲ್ವರು ಗೆಳೆಯರು ಮೊದಲ ಸಲ ಹತ್ತಿದೆವು, ಆಮೇಲೆ ಇನ್ನೂ ನಾಲ್ಕು ಸಲ. ಪ್ರತಿ ಸಲವೂ ನಮ್ಮನ್ನು ಹೊರಡಿಸುತ್ತಿದ್ದವನು ಒಬ್ಬನೇ ಗೆಳೆಯ. ಬಸ್ ಟಿಕೆಟ್ ಅವನೇ ಮಾಡಿಸುತ್ತಿದ್ದ, ದಾರಿಯಲ್ಲಿ ಅವನೇ ಮುಂದೆ. ಮೂರು ವರ್ಷದ ಹಿಂದೆ ಅವನು ತೀರಿಕೊಂಡ. ಉಳಿದಿಬ್ಬರಲ್ಲಿ ಒಬ್ಬನಿಗೆ ಮಂಡಿನೋವು, ಇನ್ನೊಬ್ಬ ಪರದೇಶದಲ್ಲಿದ್ದಾನೆ. ಕಳೆದ ನವೆಂಬರಿನಲ್ಲಿ ನಾನೊಬ್ಬನೇ ಹೊರಟೆ.

ಬ್ಯಾಗು ತುಂಬಿಸುವಾಗ ಹೆಂಡತಿ ಕೇಳಿದಳು: "ಬೆಟ್ಟ ಹತ್ತೋಕೆ ಹೋಗ್ತಿದೀರೋ, ಅವರನ್ನ ಹುಡುಕೋಕೆ ಹೋಗ್ತಿದೀರೋ?" ನಾನು ಉತ್ತರ ಕೊಡಲಿಲ್ಲ. ಕಿರಿಯ ಮಿತ್ರರ ಪ್ರಶ್ನೆಯ ಒಳಗಿರುವುದೂ ಇದೇ ಪ್ರಶ್ನೆ ಎಂದು ಈಗ ಅನ್ನಿಸುತ್ತದೆ.

*ಜಾಗವನ್ನು ಮೆಚ್ಚುವುದು ತಪ್ಪೇ?*

ಮೊದಲು ಭಗವಾನರ ನಡೆಯನ್ನೇ ನೋಡೋಣ. ರಾಜಗೃಹದ ಗೃಧ್ರಕೂಟ ಬೆಟ್ಟಕ್ಕೆ ಅವರು ಮತ್ತೆ ಮತ್ತೆ ಹೋಗಿ ತಂಗುತ್ತಿದ್ದರು. ಎಷ್ಟೋ ಸುತ್ತಗಳು ಆ ಬೆಟ್ಟದ ಹೆಸರಿನಿಂದಲೇ ಶುರುವಾಗುತ್ತವೆ. ಮಹಾಪರಿನಿರ್ವಾಣದ ಕೆಲವು ತಿಂಗಳ ಮೊದಲು ಆನಂದನೊಡನೆ ಮಾತಾಡುತ್ತ ವೈಶಾಲಿ ಎಷ್ಟು ರಮಣೀಯ, ಅಲ್ಲಿನ ಚೈತ್ಯಗಳು ಎಷ್ಟು ರಮಣೀಯ ಎಂದು ಒಂದೊಂದರ ಹೆಸರು ಹಿಡಿದು ಹೇಳಿದರು. ವೈಶಾಲಿಯನ್ನು ಬಿಡುವ ದಿನ ಆನೆ ತಿರುಗಿದಂತೆ ಇಡೀ ಮೈ ತಿರುಗಿಸಿ ಊರನ್ನು ನೋಡಿದರು. ಇದೇ ಕಡೆಯ ನೋಟ ಎಂದು ಆನಂದನಿಗೆ ಹೇಳಿ ಮುಂದಿನ ಹಳ್ಳಿಗೆ ನಡೆದರು.

ಇಲ್ಲಿ ಮೆಚ್ಚುಗೆ ಇದೆ, ವಿದಾಯ ಇದೆ. ಇನ್ನೊಂದು ದಿನ ಇದ್ದು ಹೋಗೋಣ ಎಂಬ ಎಳೆತ ಇಲ್ಲ. ಅಂದಮೇಲೆ ಚೆಲುವಾದ ಜಾಗ ಕಣ್ಣಿಗೆ ಚೆಲುವಾಗಿ ಕಾಣುವುದರಲ್ಲಿ ದೋಷವಿಲ್ಲ. ನೋಡಬೇಕಾದದ್ದು, ಆ ಜಾಗದಿಂದ ನಾವು ಏನನ್ನು ಕೇಳುತ್ತಿದ್ದೇವೆ ಎಂಬುದನ್ನು.

*ನುಣ್ಣಗೆ ಕಾಣುವ ಬೆಟ್ಟ*

ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ ಹಿರಿಯರು. ಈ ದೂರ ಬರೀ ಮೈಲಿಗಳದ್ದಲ್ಲ, ವರ್ಷಗಳದ್ದೂ ಹೌದು. 2003ರ ಬೆಟ್ಟ ಈಗ ನನ್ನ ನೆನಪಿನಲ್ಲಿ ಬಹಳ ನುಣ್ಣಗಿದೆ. ಅಂದಿನ ಕಾಲುನೋವು, ಜಿಗಣೆ, ನೀರು ಮುಗಿದು ಒಣಗಿದ ಗಂಟಲು ಎಲ್ಲ ಅಳಿಸಿಹೋಗಿ ಗೆಳೆಯನ ನಗು ಮಾತ್ರ ಉಳಿದಿದೆ. ಹಳೆಯ ಜಾಗಕ್ಕೆ ಹೊರಟಾಗ ನಾವು ಹೊರಡುವುದು ಈ ನುಣ್ಣನೆಯ ಬೆಟ್ಟಕ್ಕೆ. ತಲುಪುವುದು ಮಾತ್ರ ಕಲ್ಲುಮುಳ್ಳಿನ, ಇಂದಿನ ಬೆಟ್ಟವನ್ನು.

ಇಂದಿನ ಬೆಟ್ಟ ಬೇರೆಯೇ. 2024ರ ಜನವರಿಯಲ್ಲಿ ಅಲ್ಲಿ ಜನ ಕಿಕ್ಕಿರಿದು ನಿಂತ ವಿಡಿಯೋಗಳನ್ನು ನೀವೂ ನೋಡಿರಬಹುದು. ಆಮೇಲೆ ಸರಕಾರ ಚಾರಣವನ್ನು ಸ್ವಲ್ಪ ಕಾಲ ನಿಲ್ಲಿಸಿ ಆನ್‌ಲೈನ್ ಬುಕಿಂಗ್ ತಂದಿತು. ಮೇಲೆ ಟೆಂಟ್ ಹಾಕಿ ರಾತ್ರಿ ಉಳಿಯುವಂತಿಲ್ಲ. ಕಾಡಿಗೆ ಇದು ಒಳ್ಳೆಯದೇ. ಆದರೆ "ನಮ್ಮ ಕಾಲದಲ್ಲಿ ಹೀಗಿರಲಿಲ್ಲ" ಎಂಬ ಮಾತು ನನ್ನ ನಾಲಿಗೆಯ ತುದಿಗೂ ಬಂದಿತ್ತು. 'ನಮ್ಮ ಕಾಲ' ಎನ್ನುವ ಮಾತಿನಲ್ಲೇ ಅಂಟಿಕೊಳ್ಳುವಿಕೆ ಇದೆ. ಬೆಟ್ಟ ನಮಗೆ ಯಾವ ಮಾತೂ ಕೊಟ್ಟಿರಲಿಲ್ಲ. ಅನಿತ್ಯ ಎಂಬುದನ್ನು ಪುಸ್ತಕದಲ್ಲಿ ಓದಿ ತಲೆಯಾಡಿಸುವುದು ಸುಲಭ, ಇಷ್ಟವಾದ ಜಾಗ ಬದಲಾದಾಗ ಒಪ್ಪುವುದು ಕಷ್ಟ.

*ಎರಡನೆಯವನು ಯಾರು?*

ಇನ್ನು 'ಒಬ್ಬನೇ' ಎಂಬ ಮಾತಿಗೆ ಬರೋಣ. ಸಂಯುತ್ತ ನಿಕಾಯದಲ್ಲಿ ಥೇರ ಎಂಬ ಹೆಸರಿನ ಭಿಕ್ಷುವಿನ ಪ್ರಸಂಗವಿದೆ. ಅವನು ಭಿಕ್ಷೆಗೆ ಒಬ್ಬನೇ ಹೋಗುತ್ತಿದ್ದ, ಒಬ್ಬನೇ ಬರುತ್ತಿದ್ದ, ಒಬ್ಬನೇ ಕೂರುತ್ತಿದ್ದ, ಏಕಾಂತವಾಸವನ್ನು ಹೊಗಳುತ್ತಲೂ ಇದ್ದ. ಭಗವಾನರು ಅವನನ್ನು ಕರೆಸಿ, ಅದೂ ಒಂದು ಬಗೆಯ ಏಕಾಂತವೇ, ಇಲ್ಲವೆನ್ನುವುದಿಲ್ಲ ಎಂದರು. ಆದರೆ ಅದಕ್ಕಿಂತ ಪೂರ್ಣವಾದ ಏಕಾಂತ ಒಂದಿದೆ ಎಂದು ತಿಳಿಸಿದರು: ಕಳೆದದ್ದನ್ನು ಬಿಟ್ಟು, ಬರಲಿರುವುದನ್ನು ಬಿಟ್ಟು, ಈಗ ಇರುವುದರ ಮೇಲಿನ ಆಸೆಯನ್ನೂ ಕಳೆದುಕೊಂಡು ಇರುವುದು. ಅದೇ ನಿಕಾಯದ ಮಿಗಜಾಲ ಸುತ್ತ ಇನ್ನೂ ನೇರವಾಗಿದೆ. ತೃಷ್ಣೆಯನ್ನು ಬಿಡದವನು ನಿರ್ಜನ ಕಾಡಿನಲ್ಲಿದ್ದರೂ ಜೊತೆಗಾರನೊಂದಿಗೆ ಇರುವವನೇ, ಏಕೆಂದರೆ ತೃಷ್ಣೆಯೇ ಅವನ ಎರಡನೆಯವನು. ಅದನ್ನು ಬಿಟ್ಟವನು ಊರ ನಡುವೆ, ಜನರ ನಡುವೆ ಇದ್ದರೂ ಏಕಾಂತವಾಸಿ.

ಉದಾನದಲ್ಲಿ ಬರುವ ಮೇಘಿಯನದೂ ಹತ್ತಿರದ ಕಥೆ. ನದೀತೀರದ ಮಾವಿನ ತೋಪು ನೋಡಿ ಮನಸೋತ ಅವನು, ಅಲ್ಲಿ ಒಬ್ಬನೇ ಕೂತು ಧ್ಯಾನ ಮಾಡುತ್ತೇನೆ ಎಂದು ಮೂರು ಸಲ ಅಪ್ಪಣೆ ಕೇಳಿ ಹೋದ. ತೋಪು ಅಷ್ಟೇ ಚೆನ್ನಾಗಿತ್ತು. ಆದರೆ ಕೂತೊಡನೆ ಕಾಮದ, ದ್ವೇಷದ, ಹಿಂಸೆಯ ಯೋಚನೆಗಳೇ ಮುತ್ತಿಕೊಂಡವು. ಅವನು ಮರಳಿ ಬಂದಾಗ, ಪಕ್ವವಾಗದ ಮನಸ್ಸಿಗೆ ಬೇಕಾದ ಐದು ಸಂಗತಿಗಳನ್ನು ಭಗವಾನರು ಹೇಳಿದರು. ಅದರಲ್ಲಿ ಮೊದಲನೆಯದು ಕಲ್ಯಾಣಮಿತ್ರ, ಒಳ್ಳೆಯ ಗೆಳೆಯ. ಚೆಲುವಾದ ಜಾಗ ಒಳಗಿನ ಗದ್ದಲವನ್ನು ತಾನಾಗಿ ಅಡಗಿಸುವುದಿಲ್ಲ. ಊರಿನ ಸದ್ದು ನಿಂತಾಗ ಅದು ಇನ್ನೂ ಜೋರಾಗಿ ಕೇಳಿಸುತ್ತದೆ, ಅಷ್ಟೇ.

*ಶೇಷ ಪರ್ವತದ ಮೇಲೆ*

ಈ ಎರಡನೆಯವನ ದನಿಯನ್ನು ನಾನು ಅಂದು ಸ್ಪಷ್ಟವಾಗಿ ಕೇಳಿದೆ. ಕುಕ್ಕೆಯಿಂದ ಕಾಡಿನ ಏರುದಾರಿ, ಗಿರಿಗದ್ದೆಯ ಭಟ್ಟರ ಮನೆ. ಅಲ್ಲಿ "ಒಬ್ಬರೇ ಬಂದದ್ದಾ?" ಎಂದು ಕೇಳಿ ಅನ್ನ ಸಾಂಬಾರ್ ಬಡಿಸಿದರು. ಮರುದಿನ ಬೆಳಿಗ್ಗೆ ಚೆಕ್‌ಪೋಸ್ಟಿನಲ್ಲಿ ಹೆಸರು ಬರೆಸಿ, ಬಯಲು ಹುಲ್ಲಿನ ಏಣು ಹಿಡಿದು ಕಲ್ಲುಮಂಟಪ, ಆಮೇಲೆ ಶೇಷ ಪರ್ವತ. ಅಲ್ಲಿಂದ ಶಿಖರಕ್ಕೆ ಮತ್ತೆ ಕಾಡಿಗೆ ಇಳಿದು, ನೀರು ಜಿನುಗುವ ಓರೆಬಂಡೆ ಹತ್ತಬೇಕು. ನಾನು ಶೇಷ ಪರ್ವತ ಮುಟ್ಟುವಾಗ ಮಂಜು ಏರಿ ಹತ್ತು ಹೆಜ್ಜೆ ಮುಂದಿನದು ಕಾಣುತ್ತಿರಲಿಲ್ಲ. ಹಿಂದೆ ಮುಂದೆ ಯಾರೂ ಇರಲಿಲ್ಲ.

ದನಿ ಹೇಳಿತು: "ಇಷ್ಟು ದೂರ ಬಂದು ಬಿಟ್ಟುಹೋಗುವುದೇ? ಅವನಿದ್ದಿದ್ದರೆ ಹತ್ತುತ್ತಿದ್ದ. ಅವನಿಗೋಸ್ಕರವಾದರೂ ಹತ್ತು."

ಒಂದು ಬಂಡೆಯ ಮೇಲೆ ಕೂತೆ. ಉಸಿರನ್ನು ಗಮನಿಸಿದೆ. ಇದು ಗೆಳೆಯನ ದನಿಯೇ? ಅಲ್ಲ. ಬದುಕಿದ್ದಾಗ ಅವನು ಯಾರನ್ನೂ ಹೀಗೆ ತಳ್ಳಿದವನಲ್ಲ. ಮಳೆ ಬಂತೆಂದು ಭಟ್ಟರ ಮನೆಯಿಂದಲೇ ನಮ್ಮನ್ನೆಲ್ಲ ನಗುನಗುತ್ತ ವಾಪಸು ಕರೆದುಕೊಂಡು ಹೋದವನೂ ಅವನೇ. ನನ್ನ ಆಸೆ ಅವನ ಹೆಸರು ಹಾಕಿಕೊಂಡು ಮಾತಾಡುತ್ತಿತ್ತು. ಸತ್ತವರು ಎದುರು ಹೇಳುವುದಿಲ್ಲ. ಹಾಗಾಗಿ ಅವರ ಬಾಯಿಂದ ನಮಗೆ ಬೇಕಾದ್ದನ್ನು ಹೇಳಿಸುವುದು ಬಹಳ ಸುಲಭ. ಬೆಟ್ಟದ ಮೇಲೆ ಮಾತ್ರವಲ್ಲ, ಆಸ್ತಿಯ ವಿಷಯದಲ್ಲಿ, ಮಕ್ಕಳ ಮದುವೆಯ ವಿಷಯದಲ್ಲಿ "ಅಪ್ಪ ಇದ್ದಿದ್ದರೆ ಹೀಗೇ ಮಾಡುತ್ತಿದ್ದರು" ಎಂದು ನಾವು ಎಷ್ಟು ಸಲ ಹೇಳುವುದಿಲ್ಲ!

ಕನ್ನಡದಲ್ಲಿ ಪ್ರಮಾದ ಎಂದರೆ ದೊಡ್ಡ ತಪ್ಪು, ಅನಾಹುತ. ಪಾಳಿಯ 'ಪಮಾದ'ಕ್ಕೆ ಎಚ್ಚರಗೇಡಿತನ ಎಂಬ ಅರ್ಥ. ಎಚ್ಚರ ತಪ್ಪಿದಲ್ಲೇ ಅನಾಹುತ ಹುಟ್ಟುವುದರಿಂದ ಎರಡೂ ಅರ್ಥ ದೂರವೇನಲ್ಲ. ಭಗವಾನರ ಕೊನೆಯ ಉಪದೇಶವೂ ಅಪ್ರಮಾದದ್ದೇ. ಸಾಹಸಕ್ಕೆ ನಿಜವಾದ ಜೊತೆ ಈ ಎಚ್ಚರ. ಮನೆಯಲ್ಲಿ ಸಂಜೆಯ ಫೋನಿಗೆ ಕಾಯುವವರು ಒಬ್ಬರಿದ್ದಾರೆ. ನಾನು ಜಾರಿದರೆ ರಾತ್ರಿಯೆಲ್ಲ ಟಾರ್ಚು ಹಿಡಿದು ಹುಡುಕುವವರು ಅರಣ್ಯ ಇಲಾಖೆಯವರು, ಊರಿನವರು. ಒಬ್ಬನೇ ಹೋಗುತ್ತೇನೆ ಎಂದರೂ ಅಪಾಯವನ್ನು ಒಬ್ಬನೇ ಹೊರುವುದಿಲ್ಲ. ಇದು ಶೀಲದ ಪ್ರಶ್ನೆ, ಬರೀ ಧೈರ್ಯದ ಪ್ರಶ್ನೆಯಲ್ಲ.

ಶೇಷ ಪರ್ವತದಿಂದಲೇ ಇಳಿದೆ. ಇಳಿಯುವಾಗ ಆ ಎಳೆತ ಹೋಗಿತ್ತು, ದುಃಖ ಮಾತ್ರ ಇತ್ತು. ಗೆಳೆಯನಿಲ್ಲ ಎಂಬ ಬರೀ ದುಃಖ. ಅದನ್ನು ಯಾವ ಶಿಖರವೂ ತುಂಬಿಕೊಡಬೇಕಿರಲಿಲ್ಲ. ಮಂಜು ಸರಿದಾಗ ಏಣಿನ ಹುಲ್ಲು ಗಾಳಿಗೆ ಬಾಗುತ್ತಿತ್ತು. ಮೂರು ವರ್ಷದಲ್ಲಿ ಮೊದಲ ಸಲ ಅವನಿಗೆ ಮೈತ್ರಿಯನ್ನು ಹಾರೈಸುತ್ತ ನಡೆದೆ, ಅವನನ್ನು ಮರಳಿ ಕೇಳದೆ.

*ಹಾಗಾದರೆ ಉತ್ತರ?*

ಇಷ್ಟವಾದ ಜಾಗಕ್ಕೆ ಹೋಗಿ ಮಿತ್ರರೇ, ಒಬ್ಬರೇ ಆದರೂ ಹೋಗಿ. ಆದರೆ ಹೊರಡುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ. ಆ ಜಾಗ ಬದಲಾಗಿದ್ದರೆ ಅದರ ಮೇಲೆ ಸಿಟ್ಟಾಗದೆ ಇರಬಲ್ಲೆನೇ? ಅರ್ಧದಲ್ಲಿ ಮರಳಬೇಕಾಗಿ ಬಂದರೆ ಮರಳಬಲ್ಲೆನೇ? ನಾನು ಕ್ಷೇಮವಾಗಿ ಬರಲೆಂದು ಕಾಯುವವರಿಗೆ ಎಲ್ಲವನ್ನೂ ತಿಳಿಸಿದ್ದೇನೆಯೇ? ಮೂರಕ್ಕೂ ಹೌದು ಎನ್ನಲಾದರೆ ಅದು ಪ್ರವಾಸವೂ ಹೌದು, ಸಾಧನೆಯೂ ಹೌದು. ಒಂದಕ್ಕೆ ಇಲ್ಲ ಎಂದು ಬಂದರೂ ಗಾಬರಿ ಬೇಡ. ಎರಡನೆಯವನು ಎಲ್ಲಿ ಅಡಗಿದ್ದಾನೆ ಎಂದು ಗೊತ್ತಾಯಿತಲ್ಲ.

*ಇಂದಿನ ಅಭ್ಯಾಸ:* ಇಂದು ಹತ್ತು ನಿಮಿಷ ಕೂತು, ನಿಮಗೆ ಪ್ರಿಯವಾದ ಒಂದು ಜಾಗವನ್ನು ನೆನೆಯಿರಿ. ಅಲ್ಲಿ ನಿಮ್ಮ ಜೊತೆ ಇದ್ದವರನ್ನು ನೆನೆಯಿರಿ. ಇದ್ದರೆ ಅವರಿಗೆ, ಇಲ್ಲವಾಗಿದ್ದರೆ ಅವರ ಹೆಸರಿನಲ್ಲಿ, ಮೈತ್ರಿಯನ್ನು ಹಾರೈಸಿ. "ಮತ್ತೆ ಹಾಗೇ ಆಗಲಿ" ಎಂಬ ಎಳೆತ ಬಂದರೆ ಬೈಯದೆ, "ಇದು ಎಳೆತ" ಎಂದು ಗುರುತಿಸಿ ಉಸಿರಿಗೆ ಮರಳಿ. ಅನುಭವವನ್ನು ಭಾನುವಾರ ಹಂಚಿಕೊಳ್ಳೋಣ.

ಎಲ್ಲ ಜೀವಿಗಳೂ ಸುಖವಾಗಿರಲಿ. ದಾರಿಯಲ್ಲಿರುವವರೆಲ್ಲ ಕ್ಷೇಮವಾಗಿ ಮನೆ ಸೇರಲಿ.

ಸಾಧು, ಸಾಧು, ಸಾಧು 🙏