ಅಗ್ಗದ ಪ್ರಯಾಣ ಮತ್ತು ಅತಿಥಿಯ ಋಣ

ಕೈಯಲ್ಲಿ ಹಣ ಕಡಿಮೆಯಿರುವವರು ಊರು ಸುತ್ತಬೇಕಾದರೆ ಪರರ ಔದಾರ್ಯವನ್ನು ನೆಚ್ಚಿಕೊಳ್ಳಲೇಬೇಕು. ಹಾಗೆ ನೆಚ್ಚಿಕೊಂಡವರು ಯಾರಿಗೆ ಋಣಿಗಳು, ಎಷ್ಟರಮಟ್ಟಿಗೆ ಋಣಿಗಳು? ಈ ಪ್ರಶ್ನೆ ನಮಗೆ ಗ್ರಂಥಾಲಯದಲ್ಲಿ ಹುಟ್ಟಿದ್ದಲ್ಲ. ಕಳೆದ ಡಿಸೆಂಬರಿನ ರಜೆಯಲ್ಲಿ ಮಲ್ಪೆಯ ಕಡಲ ದಂಡೆಗೆ ಸಮೀಪದ ಒಂದು ಮನೆಯ ಜಗಲಿಯಲ್ಲಿ ಹುಟ್ಟಿತು. ನಾವು ಕಾಸರಗೋಡಿನಲ್ಲಿ ಕನ್ನಡ ಎಂ.ಎ. ಓದುತ್ತಿರುವ ನಾಲ್ವರು ಗೆಳತಿಯರು. ತಲಾ ಎರಡು ಸಾವಿರ ರೂಪಾಯಿ ಕೂಡಿಸಿಕೊಂಡು, ಮನೆಯವರ ಒಪ್ಪಿಗೆಯನ್ನು ಬಹು ಪ್ರಯಾಸದಿಂದ ಪಡೆದು, ಮೂರು ದಿನಗಳ ಪ್ರವಾಸಕ್ಕೆ ಹೊರಟಿದ್ದೆವು. ಕಟೀಲು, ಉಡುಪಿ, ಮಲ್ಪೆ. ನಡುವೆ ಎಲ್ಲಿಯಾದರೂ ಒಂದು ಬಯಲಾಟ. ಇಷ್ಟೇ ನಮ್ಮ ಯೋಜನೆ. ಹಿಂದಿರುಗಿದಾಗ ನಮ್ಮ ಬಳಿ ಒಂದಿಷ್ಟು ಹಣ ಉಳಿದಿತ್ತು. ಅದರ ಜೊತೆಗೆ ಒಂದು ಅಳುಕೂ ಉಳಿದಿತ್ತು. ಆ ಅಳುಕನ್ನು ಸಂಘದ ಹಿರಿಯರ ಮತ್ತು ಸಹೃದಯ ಕುಟುಂಬಗಳ ಮುಂದಿಟ್ಟು ವಿಚಾರ ಮಾಡುವುದು ಈ ಬರಹದ ಉದ್ದೇಶ.

ಮೊದಲು ರೈಲಿನಿಂದಲೇ ಆರಂಭಿಸೋಣ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 45 ಕಿಲೋಮೀಟರ್ ದೂರ. ಪ್ಯಾಸೆಂಜರ್ ಗಾಡಿಯ ಟಿಕೆಟಿಗೆ ನಾವು ಕೊಡುವ ಹಣ ಪೇಟೆಯ ಹೋಟೆಲಿನ ಒಂದು ಮಸಾಲೆ ದೋಸೆಯ ಬೆಲೆಗಿಂತ ಕಡಿಮೆ. ಪ್ರಯಾಣದ ವೆಚ್ಚದಲ್ಲಿ ಸರಾಸರಿ ಶೇಕಡಾ 57ರಷ್ಟು ಮಾತ್ರ ಪ್ರಯಾಣಿಕರಿಂದ ಬರುತ್ತದೆ ಎಂಬ ಒಂದು ಸಾಲನ್ನು ರೈಲ್ವೆ ಇಲಾಖೆ ತನ್ನ ಟಿಕೆಟುಗಳ ಮೇಲೆಯೇ ಅಚ್ಚು ಹಾಕಿಸಿದ್ದನ್ನು ಹಲವರು ಗಮನಿಸಿರಬಹುದು. ಉಳಿದ ಪಾಲನ್ನು ಯಾರು ತೆರುತ್ತಾರೆ? ಬಹುಮಟ್ಟಿಗೆ ಅದು ಸರಕು ಸಾಗಣೆಯ ಗಾಡಿಗಳು ದುಡಿದು ತರುವ ಹಣ. ಕಲ್ಲಿದ್ದಲು, ಸಿಮೆಂಟು, ಅಕ್ಕಿ, ಗೋಧಿಗಳ ಸಾಗಣೆ ದರದಲ್ಲಿ ನಮ್ಮ ಟಿಕೆಟಿನ ಉಳಿಕೆ ಅಡಗಿದೆ. ಎಂದರೆ ಎಲ್ಲೋ ಒಂದು ಮನೆಯಲ್ಲಿ ದೀಪ ಉರಿಸಿದವರು, ಎಲ್ಲೋ ಒಂದು ಚೀಲ ಸಿಮೆಂಟು ಕೊಂಡವರು ನಮ್ಮ ಪ್ರಯಾಣಕ್ಕೆ ತಮ್ಮ ಪಾಲು ಸಲ್ಲಿಸಿದ್ದಾರೆ. ಅವರು ನಮ್ಮನ್ನು ಅರಿಯರು, ನಾವು ಅವರನ್ನು ಅರಿಯೆವು.

ಬಸ್ಸಿನ ಲೆಕ್ಕ ಇನ್ನೂ ಸೂಕ್ಷ್ಮವಾದುದು. ಕೇರಳದ ಖಾಸಗಿ ಬಸ್ಸುಗಳಲ್ಲಿ ವಿದ್ಯಾರ್ಥಿಗಳಿಗೆ ರಿಯಾಯಿತಿ ಉಂಟು. ಅದರ ಕನಿಷ್ಠ ದರ ಬಹುಕಾಲ ಒಂದೇ ರೂಪಾಯಿ ಆಗಿತ್ತು. ಆ ರಿಯಾಯಿತಿಯ ಭಾರ ಬೀಳುವುದು ಬಸ್ಸಿನ ಮಾಲಿಕರ ಮೇಲೆ. ಅವರ ಅಸಮಾಧಾನ ತಟ್ಟುವುದು ಬಾಗಿಲಲ್ಲಿ ನಿಂತ ನಿರ್ವಾಹಕನ ಮೂಲಕ ನಮಗೆ. ಉಳಿದವರೆಲ್ಲ ಹತ್ತಿದ ಮೇಲೆ ಹತ್ತಿರೆಂದು ನಮ್ಮನ್ನು ಬಿಸಿಲಿನಲ್ಲಿ ನಿಲ್ಲಿಸಿದ್ದುಂಟು. ನಾವು ಅವನನ್ನು ಮನಸ್ಸಿನಲ್ಲಿ ಬೈದುಕೊಂಡದ್ದೂ ಉಂಟು. ಗಡಿಯಾಚೆ ಕಥೆ ಬೇರೆ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಮಹಿಳೆಯರಿಗೆ ಸರಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಜಾರಿಯಲ್ಲಿದೆ. ಆದರೆ ಅದು ಆ ರಾಜ್ಯದ ನಿವಾಸಿಗಳಿಗೆ ಮಾತ್ರ. ನಮ್ಮ ಗುರುತಿನ ಚೀಟಿಯಲ್ಲಿರುವುದು ಕೇರಳದ ವಿಳಾಸ. ಪಕ್ಕದ ಆಸನದ ಅಕ್ಕ ಹಣವಿಲ್ಲದ ಟಿಕೆಟು ಪಡೆದಳು, ಅದೇ ಭಾಷೆಯಲ್ಲಿ ಮಾತನಾಡಿದ ನಾವು ಹಣ ಕೊಟ್ಟು ಪಡೆದೆವು. ಕ್ಷಣಕಾಲ ಮನಸ್ಸು ಮುದುಡಿತು. ಬಳಿಕ ಯೋಚಿಸಿದಾಗ ಅದರಲ್ಲಿ ಅನ್ಯಾಯವೇನೂ ಕಾಣಲಿಲ್ಲ. ಆ ರಾಜ್ಯದ ಬೊಕ್ಕಸದಿಂದ ಬರುವ ಸೌಲಭ್ಯ ಆ ರಾಜ್ಯದವರಿಗೆ ಸಂದರೆ ನಾವು ಕೊರಗಬೇಕಾಗಿಲ್ಲ. ಅಲ್ಲಿ ನಾವು ಭಾಷೆಯಿಂದ ಮನೆಯವರು, ವಿಳಾಸದಿಂದ ಅತಿಥಿಗಳು. ಗಡಿನಾಡಿನವರಿಗೆ ಈ ಎರಡು ಪಾತ್ರಗಳನ್ನು ಒಟ್ಟಿಗೆ ನಿರ್ವಹಿಸುವುದು ಹೊಸತಲ್ಲ.

ಕಟೀಲಿನಲ್ಲಿ ಮಧ್ಯಾಹ್ನ ದೇವಿಯ ದರ್ಶನದ ಬಳಿಕ ಅನ್ನಪ್ರಸಾದಕ್ಕೆ ಕುಳಿತೆವು. ಬಿಸಿ ಅನ್ನ, ಸಾರು, ಪಾಯಸ. ಬಡಿಸುವವರು ನಮ್ಮ ಊರನ್ನಾಗಲೀ ಹೆಸರನ್ನಾಗಲೀ ಕೇಳಲಿಲ್ಲ. ಊಟ ಮುಗಿಸಿ ಹೊರಬಂದಾಗ ನಮ್ಮಲ್ಲೊಬ್ಬಳು ಒಂದು ಮಾತು ತೆಗೆದಳು: ನಮ್ಮ ಕೈಯಲ್ಲಿ ಹಣವಿದೆ, ಹೋಟೆಲಿನಲ್ಲಿ ಉಣ್ಣಬಹುದಿತ್ತು, ಇಲ್ಲದವರ ಪಾಲನ್ನು ನಾವು ಉಂಡಂತಾಗಲಿಲ್ಲವೇ? ಪ್ರಶ್ನೆ ನ್ಯಾಯವಾದುದೇ. ಆದರೆ ಅನ್ನದಾನದ ಪಂಕ್ತಿಯಲ್ಲಿ ಇಲ್ಲದವರು ಮಾತ್ರ ಕೂರುವಂತಾದರೆ ಏನಾಗುತ್ತದೆ? ಅಲ್ಲಿ ಕೂರುವುದೇ ಬಡತನದ ಸಾಕ್ಷಿಯಾಗುತ್ತದೆ. ಹಸಿದವರು ಬರಲು ಹಿಂಜರಿಯುತ್ತಾರೆ. ಉಳ್ಳವರೂ ಇಲ್ಲದವರೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವುದರಿಂದಲೇ ಆ ಅನ್ನ ಭಿಕ್ಷೆಯಾಗದೆ ಪ್ರಸಾದವಾಗುತ್ತದೆ. ಶರಣರು ದಾನವೆಂಬ ಮಾತಿಗಿಂತ ದಾಸೋಹವೆಂಬ ಮಾತನ್ನು ಮೆಚ್ಚಿದ್ದರ ಹಿಂದೆಯೂ ಇದೇ ವಿವೇಕವಿರಬೇಕು: ಕೊಡುವವನು ತಾನು ಕೊಟ್ಟೆನೆಂದು ಬೀಗಬಾರದು, ಪಡೆಯುವವನು ತಾನು ಪಡೆದೆನೆಂದು ಕುಗ್ಗಬಾರದು. ಈ ಕಾರಣಕ್ಕಾಗಿಯೇ ಪಂಕ್ತಿಭೇದದ ಪ್ರಶ್ನೆ ನಮ್ಮ ಕರಾವಳಿಯಲ್ಲಿ ಬಹಿರಂಗ ಚರ್ಚೆಗೂ ಪ್ರತಿಭಟನೆಗೂ ಕಾರಣವಾದದ್ದು. ಸಾಲು ಎರಡಾದ ಕ್ಷಣದಲ್ಲಿ ಅನ್ನ ಅದೇ ಆಗಿದ್ದರೂ ಅದರ ಅರ್ಥ ಕೆಡುತ್ತದೆ. ಆದುದರಿಂದ ಉಂಡದ್ದು ತಪ್ಪಲ್ಲ. ಎಲೆಯಲ್ಲಿ ಚೆಲ್ಲಿದ್ದರೆ ತಪ್ಪಾಗುತ್ತಿತ್ತು ಎಂದು ನಾವು ಒಮ್ಮತಕ್ಕೆ ಬಂದೆವು.

ಮಲ್ಪೆಯಲ್ಲಿ ಮಾತ್ರ ಅಂತಹ ಒಮ್ಮತ ಸಾಧ್ಯವಾಗಲಿಲ್ಲ. ಹುಡುಗಿಯರು ನಾಲ್ವರೇ ಆದ್ದರಿಂದ ಪೇಟೆಯ ಲಾಡ್ಜಿನಲ್ಲಿ ತಂಗುವುದು ಬೇಡ, ಯಾವುದಾದರೂ ಸಂಸಾರಸ್ಥರ ಮನೆಯೇ ಆಗಲಿ ಎಂದು ಮನೆಯಿಂದ ಕಟ್ಟಪ್ಪಣೆಯಾಗಿತ್ತು. ಕಡಲಿಗೆ ಸಮೀಪದ ಒಂದು ಹಂಚಿನ ಮನೆಯಲ್ಲಿ ವಯಸ್ಸಾದ ಅಮ್ಮನೊಬ್ಬರು ಪ್ರವಾಸಿಗರಿಗೆ ಕೋಣೆ ಕೊಡುತ್ತಾರೆಂದು ತಿಳಿಯಿತು. ರಾತ್ರಿಗೆ ಸಾವಿರದ ಇನ್ನೂರು ರೂಪಾಯಿ ಎಂದರು. ನಾವು ಎಂಟುನೂರಕ್ಕೆ ಕೇಳಿದೆವು. ಅವರು ಒಪ್ಪದಿದ್ದಾಗ ಪಕ್ಕದ ಓಣಿಯಲ್ಲಿ ಏಳುನೂರಕ್ಕೇ ಕೊಡುತ್ತಾರೆ ಎಂದು ಹೇಳಿದೆವು. ಅದು ಸುಳ್ಳು. ನಾವು ಯಾವ ಓಣಿಗೂ ಹೋಗಿರಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯಿತು ಮಕ್ಕಳೇ, ಒಳಗೆ ಬನ್ನಿ" ಎಂದು ತುಳುವಿನಲ್ಲಿ ಹೇಳಿದರು. ಒಳಗೆ ಹೋಗುತ್ತಲೇ ನಾವು ಒಬ್ಬರನ್ನೊಬ್ಬರು ನೋಡಿ ನಕ್ಕೆವು.

ಬೆಳಗಿನ ಜಾವ ನೀರು ಕುಡಿಯಲೆಂದು ಎದ್ದು ಬಂದಾಗ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಮೂವರು ಮಲಗಿದ್ದರು: ಆ ಅಮ್ಮ, ಅವರ ಸೊಸೆ, ನಾಲ್ಕೈದು ವರ್ಷದ ಒಂದು ಮಗು. ಮನೆಯಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಒಂದೇ ಇತ್ತು. ಅದನ್ನು ಅವರು ನಮಗೆ ಬಿಟ್ಟುಕೊಟ್ಟಿದ್ದರು. ನಾವು ಹಣ ತೆತ್ತು ಕೊಂಡದ್ದು ಖಾಲಿಯಿದ್ದ ಕೋಣೆಯನ್ನಲ್ಲ, ಒಂದು ಕುಟುಂಬದ ರಾತ್ರಿಯ ನಿದ್ದೆಯನ್ನು.

ಅಂದು ಬೆಳಗ್ಗೆ ನಮ್ಮೊಳಗೆ ನಡೆದ ವಾದವನ್ನು ಇಲ್ಲಿ ಬರೆಯುವುದು ಅಗತ್ಯ. ಇಬ್ಬರೂ ಒಪ್ಪಿದ ಮೇಲೆ ಆ ಬೆಲೆ ನ್ಯಾಯವಾದುದೇ, ಅವರನ್ನು ಯಾರೂ ಬಲವಂತ ಮಾಡಲಿಲ್ಲ ಎಂಬುದು ಒಂದು ಪಕ್ಷ. ಮೀನು ಮಾರುಕಟ್ಟೆಯಲ್ಲಿ ನಿತ್ಯವೂ ಚೌಕಾಸಿ ನಡೆಯುತ್ತದೆ, ಅದನ್ನು ಯಾರು ಪಾಪವೆನ್ನುತ್ತಾರೆ? ಇನ್ನೊಂದು ಪಕ್ಷ ಹೀಗೆಂದಿತು: ಮಾರುಕಟ್ಟೆಯಲ್ಲಿ ಇಬ್ಬರಿಗೂ ಅಂದಿನ ದರ ಗೊತ್ತಿರುತ್ತದೆ, ಇಬ್ಬರಿಗೂ ಬಿಟ್ಟು ಹೋಗುವ ಸ್ವಾತಂತ್ರ್ಯವಿರುತ್ತದೆ. ಇಲ್ಲಿ ಸುಳ್ಳು ಹೇಳಿ ಅವರ ಅರಿವನ್ನು ನಾವು ಕೆಡಿಸಿದೆವು. ಅಂದಿನ ಕೋಣೆ ಖಾಲಿ ಉಳಿದರೆ ಆ ದಿನದ ಆದಾಯ ಮತ್ತೆ ಬಾರದೆಂಬ ಅವರ ಭಯವನ್ನು ಬಳಸಿಕೊಂಡೆವು. ಅವರ ಒಪ್ಪಿಗೆ ನಿಜ, ಆದರೆ ಅದು ಸ್ವತಂತ್ರವಾದ ಒಪ್ಪಿಗೆಯಲ್ಲ. ದೊಡ್ಡ ಹೋಟೆಲಿನ ಬೆಲೆಪಟ್ಟಿಯ ಮುಂದೆ ಬಾಯಿ ಬಿಡದ ನಾವು ಬೆಲೆಪಟ್ಟಿಯಿಲ್ಲದ ಮನೆಯ ಮುಂದೆ ಮಾತ್ರ ಜಾಣರಾದೆವು. ಈ ಕೊನೆಯ ಮಾತಿಗೆ ಮೊದಲನೆಯ ಪಕ್ಷದವರು ಉತ್ತರ ಕೊಡಲಿಲ್ಲ.

ಹೊರಡುವಾಗ ಎಂಟುನೂರರ ಬದಲು ಸಾವಿರದ ಇನ್ನೂರನ್ನು ಅವರ ಕೈಗಿತ್ತು, ಪಕ್ಕದ ಓಣಿಯ ಮಾತು ಸುಳ್ಳೆಂದು ಹೇಳಿದೆವು. ಕಣ್ಣೀರು, ಹರಕೆ, ಆಶೀರ್ವಾದ ಯಾವುದೂ ನಡೆಯಲಿಲ್ಲ. ಅವರು ನೋಟುಗಳನ್ನು ಎಣಿಸಿ ಸೆರಗಿಗೆ ಕಟ್ಟಿಕೊಂಡು, "ಗೊತ್ತಿತ್ತು" ಎಂದರು. ಅಷ್ಟೇ. ಅವರು ಕೃತಜ್ಞತೆ ಹೇಳದಿದ್ದುದು ನಮಗೆ ಸಮಾಧಾನ ತಂದಿತು. ನಾಲ್ಕುನೂರು ರೂಪಾಯಿ ನಮ್ಮ ಔದಾರ್ಯವಲ್ಲ, ಅವರ ಹಕ್ಕು ಎಂಬುದು ಅದರಿಂದ ಸ್ಪಷ್ಟವಾಯಿತು.

ಅತಿಥಿಯ ವಿಷಯದಲ್ಲಿ ನಮ್ಮ ಪರಂಪರೆ ಬಹಳ ಹೇಳಿದೆ. ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿ ತಾಯಿ, ತಂದೆ, ಆಚಾರ್ಯರ ಸಾಲಿನಲ್ಲಿ ಅತಿಥಿಯನ್ನೂ ನಿಲ್ಲಿಸುತ್ತದೆ. ಆದರೆ ಅದು ಆತಿಥ್ಯ ಮಾಡುವವನಿಗೆ ಹೇಳಿದ ಮಾತು ಎಂಬುದನ್ನು ನಾವು ಮರೆಯುತ್ತೇವೆ. ಬಾಗಿಲಿಗೆ ಬಂದವನು ತನ್ನನ್ನು ತಾನೇ ದೇವರೆಂದುಕೊಳ್ಳಲು ಅದು ಅಪ್ಪಣೆಯಲ್ಲ. ಪಶ್ಚಿಮದ ಇಮ್ಯಾನುಯೆಲ್ ಕಾಂಟ್ ಎಂಬ ತತ್ತ್ವಜ್ಞಾನಿ ತನ್ನ ಊರಿನ ಸುತ್ತಮುತ್ತಲ ಪ್ರದೇಶವನ್ನು ಬಿಟ್ಟು ಹೆಚ್ಚು ದೂರ ಹೋದವನಲ್ಲ. ಆದರೂ 1795ರಲ್ಲಿ ಶಾಶ್ವತ ಶಾಂತಿಯನ್ನು ಕುರಿತು ಬರೆದ ಪ್ರಬಂಧದಲ್ಲಿ ಪ್ರಯಾಣಿಕನ ಹಕ್ಕನ್ನು ಆತ ಎಚ್ಚರದಿಂದ ಅಳೆದಿದ್ದಾನೆ. ಪರನೆಲಕ್ಕೆ ಶಾಂತಿಯಿಂದ ಬಂದವನನ್ನು ಹಗೆಯೆಂದು ಕಾಣಬಾರದು. ಆದರೆ ಮನೆಯ ಅತಿಥಿಯಾಗಿ ತನ್ನನ್ನು ನೋಡಿಕೊಳ್ಳಬೇಕೆಂದು ಕೇಳುವ ಹಕ್ಕು ಅವನಿಗಿಲ್ಲ ಎಂಬುದು ಅವನ ವಿಚಾರದ ಸಾರ. ಈ ಎರಡನ್ನೂ ಜೋಡಿಸಿ ನೋಡಿದರೆ ಒಂದು ತಿಳಿವು ಸಿಗುತ್ತದೆ. ಸತ್ಕಾರ ಮಾಡುವುದು ಮನೆಯವರ ಧರ್ಮ. ಅದನ್ನು ಹಕ್ಕೆಂದು ಕಸಿದುಕೊಳ್ಳದಿರುವುದು ಅತಿಥಿಯ ಧರ್ಮ.

ಹೀಗೆ ನೋಡಿದಾಗ ಅಗ್ಗವೆಂಬುದು ಒಂದೇ ಬಗೆಯದಲ್ಲ. ಸಮಾಜವೆಲ್ಲ ಹಂಚಿಕೊಂಡು ಹೊರುವ ಅಗ್ಗವೊಂದುಂಟು; ಅದು ರೈಲಿನ ಟಿಕೆಟು. ನಾಳೆ ನಾವು ದುಡಿಯುವಾಗ ನಮ್ಮ ಪಾಲನ್ನು ಗೊಣಗದೆ ತೆರುವುದು ಅದರ ಋಣಸಂದಾಯ. ಮನಸ್ಸಾರೆ ಕೊಟ್ಟ ಅಗ್ಗವೊಂದುಂಟು. ಅದು ಪಂಕ್ತಿಯ ಅನ್ನ. ಕೆಡಿಸದೆ ಉಣ್ಣುವುದು, ಅವಕಾಶವಾದಾಗ ಬಡಿಸಲು ನಿಲ್ಲುವುದು ಅದರ ಋಣಸಂದಾಯ. ಇಲ್ಲದವರಿಂದ ಹಿಂಡಿ ಪಡೆದ ಅಗ್ಗವೊಂದುಂಟು. ಅದು ಮಲ್ಪೆಯ ಕೋಣೆ. ಅದಕ್ಕೆ ಋಣಸಂದಾಯವಿಲ್ಲ, ಹಿಂದಿರುಗಿಸುವುದೊಂದೇ ದಾರಿ. ನಿರ್ವಾಹಕನ ಸಿಡುಕು ಎಲ್ಲಿ ಸೇರುತ್ತದೆ ಎಂಬುದು ನಮಗೆ ಇನ್ನೂ ಬಗೆಹರಿದಿಲ್ಲ. ರಿಯಾಯಿತಿ ನಮ್ಮ ಹಕ್ಕು ಹೌದು. ಆದರೆ ಸಮಾಜ ಹೊರಬೇಕಾದುದನ್ನು ಒಂದು ಬಸ್ಸು ಹೊರುತ್ತಿದೆ. ಅವನನ್ನು ಬೈಯುವುದನ್ನಂತೂ ನಿಲ್ಲಿಸಿದ್ದೇವೆ.

ಇನ್ನೊಂದು ಬಗೆಯ ಅಗ್ಗವಿದೆ. ಅದಕ್ಕಾಗಿ ಗಡಿ ದಾಟಬೇಕಾಗಿಲ್ಲ. ಕೆಳದಿಯ ಶಿವಪ್ಪನಾಯಕ 17ನೆಯ ಶತಮಾನದಲ್ಲಿ ಕಟ್ಟಿಸಿದ ಬೇಕಲದ ಕೋಟೆ, ಕುಂಬಳೆಯ ಬಳಿ ಕೆರೆಯ ನಡುವೆ ನಿಂತ ಅನಂತಪುರದ ದೇವಾಲಯ, ಮಧುವಾಹಿನಿಯ ದಡದ ಮಧೂರು, ಪೊಸಡಿಗುಂಪೆಯ ಗುಡ್ಡ, ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ: ಇವೆಲ್ಲ ನಮ್ಮ ಮನೆಗಳಿಂದ ಒಂದೆರಡು ಬಸ್ಸಿನ ದಾರಿ. ನಮ್ಮ ನಾಲ್ವರಲ್ಲಿ ಇಬ್ಬರು ಗೋವಾಕ್ಕೆ ಹೋಗಿ ಬಂದಿದ್ದರು, ಗೋವಿಂದ ಪೈಗಳ ಮನೆಯಂಗಳಕ್ಕೆ ಹೋಗಿರಲಿಲ್ಲ. ಪಾರ್ತಿಸುಬ್ಬನ ಊರಾದ ಕುಂಬಳೆಯ ಸೀಮೆಯಲ್ಲಿ ಹುಟ್ಟಿಯೂ ಬಯಲಾಟವೊಂದನ್ನು ಮಂಗಳದವರೆಗೆ ಕುಳಿತು ನೋಡಿದ್ದು ನಮ್ಮಲ್ಲಿ ಒಬ್ಬಳೇ.

ಕಟೀಲಿನಿಂದ ಹೊರಟ ರಾತ್ರಿ ದಾರಿಯ ಹಳ್ಳಿಯೊಂದರಲ್ಲಿ ನಾವು ನೋಡಿದ್ದು ಒಂದು ಹರಕೆಯಾಟ. ಹರಕೆ ಹೊತ್ತವರು ಆಟಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಾರೆ. ಖರ್ಚೆಲ್ಲ ಅವರದು, ನೋಡುವವರಿಗೆ ಟಿಕೆಟಿಲ್ಲ, ಬಂದವರಿಗೆಲ್ಲ ಊಟವೂ ಉಂಟು. ಆದರೆ ಚೆಂಡೆಯ ಸದ್ದಿನ ಮುಂದೆ ಖಾಲಿ ಕುರ್ಚಿಗಳು ಬಹಳವಿದ್ದವು. ಉಚಿತವಾದುದಕ್ಕೆ ನಾವು ಕೊಡಬೇಕಾದ ಬೆಲೆ ಏನೆಂಬುದು ಅಲ್ಲಿ ಹೊಳೆಯಿತು. ಹಣ ಬೇಡದ ಕಲೆ ನಮ್ಮ ಹೊತ್ತನ್ನು ಬೇಡುತ್ತದೆ. ಅದನ್ನೂ ಕೊಡದಿದ್ದರೆ ಯಾರೂ ನಮಗೆ ಲೆಕ್ಕ ಕಳುಹಿಸುವುದಿಲ್ಲ. ಒಂದು ವರ್ಷ ಆಟ ನಿಲ್ಲುತ್ತದೆ, ಅಷ್ಟೇ. 1956ರಿಂದ ಗಡಿಯ ಈಚೆಗೆ ಉಳಿದ ನಮಗೆ ಕನ್ನಡವು ಸರಕಾರದ ಕಡತಗಳಿಗಿಂತ ಹೆಚ್ಚಾಗಿ ಇಂತಹ ಅಂಗಳಗಳಲ್ಲಿಯೇ ಉಳಿದು ಬಂದಿದೆ. ಆ ಅಂಗಳದಲ್ಲಿ ಕುಳಿತುಕೊಳ್ಳುವುದು ವಿರಾಮವೂ ಹೌದು, ಕರ್ತವ್ಯವೂ ಹೌದು.

ಈ ಸಮ್ಮೇಳನಕ್ಕೆ ದೂರದೂರುಗಳಿಂದ ಬಂದವರು ಸಂಘದ ಬಂಧುಗಳ ಮನೆಗಳಲ್ಲಿ ತಂಗುವರು. ಎಷ್ಟೋ ಮನೆಗಳಲ್ಲಿ ಒಳಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟು ಮನೆಯವರು ಚಾವಡಿಯಲ್ಲಿ ಮಲಗುವರು. ಅವರು ಇದಕ್ಕೆ ಬೆಲೆ ಹೇಳುವವರಲ್ಲ; ಕೇಳಿದರೆ ನೊಂದುಕೊಂಡಾರು. ಅಲ್ಲಿ ಅತಿಥಿಯಾಗಿರುವ ವಿದ್ಯಾರ್ಥಿಗಳಿಗೆ ನಮ್ಮ ವಿನಂತಿ ಇಷ್ಟೇ: ಬೆಳಗ್ಗೆ ಸ್ವಲ್ಪ ಬೇಗ ಎದ್ದು, ಹಾಸಿದ ಚಾಪೆಯನ್ನು ನಾವೇ ಸುತ್ತಿಡೋಣ. ಜಗಲಿಯಲ್ಲಿ ಯಾರು ಮಲಗಿದ್ದಾರೆಂದು ಒಮ್ಮೆ ನೋಡೋಣ.