ಹಟಮಾರಿ ಮಗುವಿನ ವಿಷಯದಲ್ಲಿ ತಪ್ಪು ಯಾರದು?

ಹೆತ್ತವರಿಗೆ ಒಮ್ಮೊಮ್ಮೆ ಎದುರಾಡದ ಮಗುವು ಯಾವ ಮನೆಯಲ್ಲಿಯೂ ಇಲ್ಲ. ಆದರೆ ಕೆಲವು ಮನೆಗಳಲ್ಲಿ ಈ ಎದುರಾಟವು ನಿತ್ಯದ ಯುದ್ಧವಾಗಿರುವದು. ನಾವು ಬಲ್ಲ ಒಂದು ಮನೆಯಲ್ಲಿ ಒಂಭತ್ತು ವರುಷದ ಹುಡುಗನು ಸ್ನಾನಕ್ಕೆ ಕರೆದರೆ ತಂಬಿಗೆಯನ್ನು ಎಸೆಯುವನು, ತಾಯಿಯನ್ನು ಬೈಯುವನು, ಬೇಡವೆಂದದ್ದನ್ನೇ ಮಾಡುವನು. ಒಂದು ಸಾಯಂಕಾಲ ಅವನ ತಂದೆಯು ಎತ್ತಿನ ಹಗ್ಗವನ್ನು ಕೈಯಲ್ಲಿ ಹಿಡಿದುಕೊಂಡೇ ನಮ್ಮ ಬಳಿಗೆ ಬಂದು, “ಅಯ್ಯನವರೇ, ಹೊಡೆದು ಹೊಡೆದು ನನ್ನ ತೋಳು ಸೋತಿತು, ಅವನ ಹಟ ಸೋಲಲಿಲ್ಲ. ತಪ್ಪು ಅವನದೋ ನನ್ನದೋ ಹೇಳಿರಿ” ಎಂದು ಅತ್ತನು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಹಿರಿಯರು ಅನ್ನುವರು. ಮಾತು ನಿಜವೇ. ಆದರೆ ಸಿಟ್ಟಿನಿಂದ ಎಳೆದರೆ ಗಿಡವು ಬಗ್ಗದೆ ಮುರಿಯುವದು.

ಅಮೇರಿಕಾ ದೇಶದ ಆರಿಗಾನ್ ಪ್ರಾಂತದಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬ ವಿದ್ವಾಂಸನು ಇಂಥ ಮನೆಗಳನ್ನು ಅನೇಕ ವರುಷ ಪರೀಕ್ಷಿಸಿ, ತಾನು ಕಂಡದ್ದನ್ನು 1982ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಅದರ ಸಾರವು ಇದೇ: ಮಗುವು ಕೂಗುವದು, ತಾಯಿಯು ಬೇಸತ್ತು ತನ್ನ ಆಜ್ಞೆಯನ್ನು ಬಿಡುವಳು, ಕೂಗು ನಿಲ್ಲುವದು. ಕೂಗಿದರೆ ಗೆಲ್ಲಬಹುದೆಂದು ಮಗುವು ಕಲಿಯಿತು. ಬಿಟ್ಟುಕೊಟ್ಟರೆ ನೆಮ್ಮದಿಯೆಂದು ತಾಯಿಯು ಕಲಿತಳು. ತಂದೆಯು ಹೊಡೆದಾಗಲೂ ಹಾಗೆಯೇ. ಮಗುವು ಆ ಗಳಿಗೆಗೆ ಸುಮ್ಮನಾಗುವದರಿಂದ ಪೆಟ್ಟೇ ಮದ್ದೆಂದು ಅವನು ನಂಬುವನು. ಹೀಗೆ ದಿನದಿನವೂ ಒಬ್ಬರು ಮತ್ತೊಬ್ಬರಿಗೆ ಕೆಟ್ಟ ಪಾಠವನ್ನೇ ಕಲಿಸುವರು.

ಮತ್ತು ಎಲ್ಲಾ ಮಕ್ಕಳ ಸ್ವಭಾವವು ಹುಟ್ಟಿನಿಂದ ಒಂದೇ ಅಲ್ಲ. ಅತಿಯಾದ ಎದುರಾಟವನ್ನು ಅಮೇರಿಕಾದ ಮನೋವೈದ್ಯರು 1980ರಲ್ಲಿ ತಮ್ಮ ರೋಗಗಳ ಪಟ್ಟಿಯಲ್ಲಿ ಸೇರಿಸಿದರು. ಕೆಲವು ಮಕ್ಕಳಲ್ಲಿ ಹಟದ ಕೆಳಗೆ ನಿಲ್ಲದ ಚಂಚಲತೆಯಾಗಲಿ, ಅಕ್ಷರ ಕಲಿಯಲಾರದ ಕಷ್ಟವಾಗಲಿ, ಮರೆಯಾದ ದುಃಖವಾಗಲಿ ಇರುವದುಂಟು. ಆದಕಾರಣ ತಿಂಗಳುಗಟ್ಟಲೆ ಇಂಥ ನಡತೆಯು ನಿಲ್ಲದಿದ್ದರೆ ವೈದ್ಯರನ್ನು ಕಾಣತಕ್ಕದ್ದು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಮಕ್ಕಳ ಮನೋವೈದ್ಯ ವಿಭಾಗವುಂಟು. 2022ರಲ್ಲಿ ಸರಕಾರವು ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿಯ ಸಂಖ್ಯೆಯು 14416.

ಹಾಗಾದರೆ ತಪ್ಪು ಯಾರದು? ತಪ್ಪನ್ನು ತೂಗುವದರಲ್ಲಿ ಪ್ರಯೋಜನವಿಲ್ಲವೆಂದು ನಾವು ಹೇಳುತ್ತೇವೆ. ಯಾರು ಮೊದಲು ಬದಲಾಗಬೇಕೆಂಬದೇ ಸರಿಯಾದ ಪ್ರಶ್ನೆ. ರೈತನು ಹೊಸ ಹೋರಿಯನ್ನು ಪಳಗಿದ ಎತ್ತಿನ ಜೊತೆಗೆ ನೊಗಕ್ಕೆ ಹೂಡುವನಲ್ಲವೇ? ಹೋರಿಯು ಬೆದರಿದಾಗ ಎತ್ತೂ ಬೆದರಿ ಓಡಿದರೆ ನೇಗಿಲಿನ ಗತಿ ಏನು? ಹಿರಿಯನೇ ಅಪರಾಧಿಯೆಂದಲ್ಲ, ಅವನಿಗೆ ಶಕ್ತಿಯುಂಟೆಂದು ಈ ಭಾರವು ಅವನ ಮೇಲಿದೆ. ಪೌಲನೂ ಎಫೆಸದವರಿಗೆ ಬರೆಯುವಾಗ ಮಕ್ಕಳಿಗೆ ವಿಧೇಯತೆಯನ್ನು ಕಲಿಸಿದ ಕೂಡಲೆ, ಮಕ್ಕಳಿಗೆ ಕೋಪವೆಬ್ಬಿಸಬೇಡಿರೆಂದು ತಂದೆಗಳನ್ನು ಎಚ್ಚರಿಸಿದನು.

ಇದು ಬಿಟ್ಟುಕೊಡುವ ದಾರಿಯಲ್ಲ. ಆಜ್ಞೆಗಳು ಕೆಲವೇ ಇರಲಿ, ಹತ್ತಿರ ಹೋಗಿ, ಮೆಲ್ಲಗೆ, ಒಂದೇ ಸಾರಿ ಹೇಳಿರಿ, ಹೇಳಿದ್ದನ್ನು ನಡಿಸಿರಿ. ಮಗುವು ಕೇಳಿದ ಕೂಡಲೆ ಮೆಚ್ಚಿ ಮಾತಾಡಿರಿ. ರೇಗಿದಾಗ ವಾದಿಸಬೇಡಿರಿ. ಶಿಕ್ಷೆಯು ಚಿಕ್ಕದಾಗಿಯೂ ಮೊದಲೇ ತಿಳಿಸಿದ್ದಾಗಿಯೂ ಇರಲಿ; ಆ ಸಾಯಂಕಾಲದ ಆಟ ತಪ್ಪಿದರೆ ಸಾಕು, ಮರುದಿನ ಅದನ್ನು ಎತ್ತಿ ಆಡಬಾರದು. ತಂದೆತಾಯಿಗಳ ಮಾತು ಒಂದೇ ಆಗಿರಲಿ. ಮೊದಲ ದಿನಗಳಲ್ಲಿ ಹಟವು ಹೆಚ್ಚುವದುಂಟು, ಆಗ ಸೋಲಬೇಡಿರಿ.

ಆ ತಂದೆಯು ಹಗ್ಗವನ್ನು ಕೊಟ್ಟಿಗೆಯ ಗೂಟಕ್ಕೆ ಸಿಕ್ಕಿಸಿ ಎಂಟು ತಿಂಗಳಾಯಿತು. ಹುಡುಗನು ಕುರಿಮರಿಯಾಗಲಿಲ್ಲ, ಈಗಲೂ ಬಾಗಿಲನ್ನು ಬಡಿಯುವನು. ಆದರೆ ಮೊನ್ನೆ ಒಂದೇ ಮಾತಿಗೆ ಕೊಡವನ್ನು ತುಂಬಿಸಿ ತಂದನಂತೆ. ಹಿಂದೆ ತಂದೆಯು ಕೈಯೆತ್ತಿದರೆ ಹುಡುಗನು ಮುಖ ಮುಚ್ಚಿಕೊಳ್ಳುತ್ತಿದ್ದನು. ಆ ದಿನ ತಂದೆಯು ಅವನ ಬೆನ್ನು ತಟ್ಟಲು ಕೈಯೆತ್ತಿದಾಗ ಅವನು ಬೆದರದೆ ನಿಂತನು. ನೆರೆಯವರೇ, ಇಂಥ ಮನೆಯ ತಾಯಿಯನ್ನು ನಿಂದಿಸಬೇಡಿರಿ. ಹೆತ್ತವರೇ, ಎದೆಗುಂದಬೇಡಿರಿ.