ಏರುವವರು, ಇಳಿಯುವವರು: ಬೆಟ್ಟದ ಜಾಡಿನ ಸೌಜನ್ಯವನ್ನು ಕುರಿತ ಸಂವಾದ

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ನಗರದ ಉತ್ತರಕ್ಕಿರುವ ಮರೀನ್ ಕೌಂಟಿಯ ಟ್ಯಾಮಲ್‌ಪಾಯಸ್ ಬೆಟ್ಟ ಸುಮಾರು 785 ಮೀಟರ್ ಎತ್ತರದ್ದು. ಮೌಂಟನ್ ಬೈಕ್, ಅಂದರೆ ದಪ್ಪ ಟಯರು ಮತ್ತು ಗಟ್ಟಿ ಚೌಕಟ್ಟಿನ ಗುಡ್ಡಗಾಡು ಸೈಕಲ್ಲು, 1970ರ ದಶಕದಲ್ಲಿ ರೂಪುಗೊಳ್ಳುವುದಕ್ಕೆ ಈ ಬೆಟ್ಟದ ಆಸುಪಾಸಿನ ಮಣ್ಣುರಸ್ತೆಗಳು ಕಾರಣವಾದವು. ಕಾಳ್ಗಿಚ್ಚನ್ನು ಆರಿಸುವ ವಾಹನಗಳಿಗಾಗಿ ತೆಗೆದ ಈ ರಸ್ತೆಗಳನ್ನು ಇಂದು ಕಾಲ್ನಡಿಗೆಯವರು, ಕುದುರೆ ಸವಾರರು ಮತ್ತು ಸೈಕಲ್ ಸವಾರರು ಹಂಚಿಕೊಂಡಿದ್ದಾರೆ. ಸಂವಾದದ ಇಬ್ಬರೂ ಆ ಪ್ರದೇಶದಲ್ಲಿ ನೆಲೆಸಿದ ಕನ್ನಡಿಗರು: ಒಬ್ಬರು ನೀತಿಶಾಸ್ತ್ರದ ನಿವೃತ್ತ ಅಧ್ಯಾಪಕಿ, ನಿಧಾನದ ಸವಾರಿಯವರು, ಇನ್ನೊಬ್ಬ ಒಂದು ಕಾಲಕ್ಕೆ ಅವರ ವಿದ್ಯಾರ್ಥಿಯಾಗಿದ್ದ ವೇಗದ ಸವಾರ. ದಾರಿ ಬಿಡಬೇಕಾದವರು ಯಾರು, ಯಾವ ಕಾರಣಕ್ಕೆ ಎಂಬುದೇ ಇಲ್ಲಿನ ಪ್ರಶ್ನೆ.

ಸವಾರ: ಮೇಡಂ, ನಿಯಮವೇ ಇರುವಾಗ ಈ ಪ್ರಶ್ನೆಗೆ ತತ್ವಶಾಸ್ತ್ರದ ಅಗತ್ಯವೇನು? 1988ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಮೌಂಟನ್ ಬೈಸಿಕ್ಲಿಂಗ್ ಸಂಘದ ನಿಯಮಾವಳಿಯಂತೆ ಸೈಕಲ್ಲಿನವರು ನಡೆಯುವವರಿಗೂ ಕುದುರೆಯವರಿಗೂ ದಾರಿ ಬಿಡಬೇಕು, ಇಳಿಯುವವರು ಏರುವವರಿಗೆ ಬಿಡಬೇಕು. ಮರೀನಿನ ಮಣ್ಣುರಸ್ತೆಗಳಲ್ಲಿ ಗಂಟೆಗೆ 15 ಮೈಲಿಯ, ಅಂದರೆ ಸುಮಾರು 24 ಕಿಲೋಮೀಟರಿನ ವೇಗಮಿತಿಯಿದೆ. ಬೇರೆಯವರನ್ನು ದಾಟುವಾಗಲೂ ಎದುರು ಕಾಣದ ತಿರುವಿನಲ್ಲೂ ಅದು 5 ಮೈಲಿಗೆ ಇಳಿಯುತ್ತದೆ. ಇಷ್ಟನ್ನು ಪಾಲಿಸಿದವನಿಂದ ಇನ್ನೇನು ಬಾಕಿ ಉಳಿಯುತ್ತದೆ?

ಅಧ್ಯಾಪಕಿ: ನಿಯಮ ಯಾವ ಕಾರಣದ ಮೇಲೆ ನಿಂತಿದೆ ಎಂಬುದು ತಿಳಿಯದಿದ್ದರೆ, ಅದು ಬಾಯಿಬಿಡದ ಸಂದರ್ಭದಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದೂ ತಿಳಿಯುವುದಿಲ್ಲ. ಏರುವವರಿಗೆ ಆದ್ಯತೆ ಕೊಟ್ಟದ್ದು ಏಕೆಂದು ನಿನಗೆ ತೋರುತ್ತದೆ?

ಸವಾರ: ಅವರ ಶ್ರಮಕ್ಕೆ ಸಲ್ಲಿಸಿದ ಗೌರವವಿರಬೇಕು. ಹಾಗಿದ್ದರೆ ಅದರಲ್ಲಿ ಸ್ವಲ್ಪ ಅನ್ಯಾಯವೂ ಇದೆ, ಏಕೆಂದರೆ ಇಳಿಯುವವನೂ ಬೆವರು ಸುರಿಸಿ ಏರಿದವನೇ, ಆ ಇಳಿಜಾರು ಅವನ ಸಂಪಾದನೆಯೇ. ಮೇಲಾಗಿ ಏರುವವನ ವೇಗ ನಡಿಗೆಗಿಂತ ಹೆಚ್ಚೇನೂ ಇರುವುದಿಲ್ಲ. ಅವನು ನಿಲ್ಲುವುದು ಸುಲಭ.

ಅಧ್ಯಾಪಕಿ: ನಿಲ್ಲುವುದು ಸುಲಭ, ಮತ್ತೆ ಹೊರಡುವುದು ಕಷ್ಟ. ಕಡಿದಾದ ಏರಿನಲ್ಲಿ ಅತಿ ಹಗುರ ಗೇರಿನಲ್ಲಿದ್ದವರು ಒಮ್ಮೆ ಕಾಲು ನೆಲಕ್ಕೆ ಕೊಟ್ಟರೆಂದರೆ, ಮತ್ತೆ ಪೆಡಲ್ ಒತ್ತಿದ ಕೂಡಲೆ ಹಿಂದಿನ ಚಕ್ರ ಜಲ್ಲಿಯ ಮೇಲೆ ನಿಂತಲ್ಲೇ ತಿರುಗುತ್ತದೆ. ಅದನ್ನು ತಡೆಯಲು ಭಾರವನ್ನು ಹಿಂದಕ್ಕೆ ಹಾಕಿದರೆ ಮುಂದಿನ ಚಕ್ರ ಮೇಲೇಳುತ್ತದೆ. ಎರಡನೆಯ ಕಾಲನ್ನು ಪೆಡಲಿಗೆ ತರುವುದರೊಳಗೆ ಸೈಕಲ್ಲು ಅಡ್ಡಕ್ಕೆ ವಾಲಿರುತ್ತದೆ. ಇಳಿಯುವವನಿಗಾದರೋ ಬ್ರೇಕು ಸಡಿಲಿಸಿದರೆ ಸಾಕು, ಬೆಟ್ಟವೇ ಅವನನ್ನು ಹೊರಡಿಸುತ್ತದೆ. ಆದ್ದರಿಂದ ನಿಯಮವು ಶ್ರಮಕ್ಕೆ ಕೊಟ್ಟ ಬಹುಮಾನವಲ್ಲ, ನಿಂತರೆ ಯಾರಿಗೆ ಹೆಚ್ಚು ನಷ್ಟ ಎಂಬ ಲೆಕ್ಕ. ಭಾರತದಲ್ಲಿ 1989ರ ರಸ್ತೆ ನಿಯಮಾವಳಿಯೂ ಇದನ್ನೇ ಹೇಳಿತ್ತು: ಎರಡು ವಾಹನಗಳಿಗೆ ಸಾಲದಷ್ಟು ಇಕ್ಕಟ್ಟಾದ ಘಟ್ಟದ ರಸ್ತೆಯಲ್ಲಿ ಇಳಿಯುವ ವಾಹನ ಪಕ್ಕಕ್ಕೆ ನಿಂತು ಏರುವ ವಾಹನಕ್ಕೆ ದಾರಿ ಕೊಡಬೇಕು. ಚಾರ್ಮಾಡಿ ಘಾಟಿಯ ಲಾರಿಗೂ ಮರೀನಿನ ಸೈಕಲ್ಲಿಗೂ ಒಂದೇ ತರ್ಕ ಅನ್ವಯಿಸುತ್ತದೆ.

ಸವಾರ: ಎದುರುಬದುರಾದಾಗ ಅದು ಸರಿಯೆನ್ನೋಣ. ತಕರಾರು ಹೆಚ್ಚಾಗಿ ಏಳುವುದು ಇಬ್ಬರೂ ಒಂದೇ ದಿಕ್ಕಿಗೆ ಹೋಗುವಾಗ. ಒಬ್ಬರೇ ಹೋಗುವಷ್ಟು ಅಗಲವಿರುವ, ಸಿಂಗಲ್‌ಟ್ರ್ಯಾಕ್ ಎನ್ನಿಸಿಕೊಳ್ಳುವ ಜಾಡಿನಲ್ಲಿ ನಿಧಾನದವರು ಮುಂದಿದ್ದು ವೇಗದವನು ಹಿಂದೆ ಸಿಕ್ಕಿಕೊಂಡರೆ, ಇಬ್ಬರೂ ಇಳಿಯುತ್ತಿರುವುದರಿಂದ ನಷ್ಟದ ಲೆಕ್ಕವೂ ಸಮವೇ. ಈ ಆಟ ಹುಟ್ಟಿದ್ದೇ ವೇಗಕ್ಕಾಗಿ ಎಂಬುದನ್ನೂ ಮರೆಯಬಾರದು: 1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಊರಿನ ಬಳಿ ಶುರುವಾದ ರಿಪ್ಯಾಕ್ ಪಂದ್ಯದ ಇಳಿಜಾರು ಎಷ್ಟು ಕಡಿದಾಗಿತ್ತೆಂದರೆ, ಹಿಂದಿನ ಚಕ್ರದ ನಡುವಿನ ಬ್ರೇಕು ಕಾದು ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು, ಪ್ರತಿ ಇಳಿತದ ಮೇಲೂ ಹೊಸ ಗ್ರೀಸು ತುಂಬಬೇಕಾಗುತ್ತಿತ್ತು.

ಅಧ್ಯಾಪಕಿ: ಆ ಪಂದ್ಯದ ಕ್ರಮವನ್ನೂ ಜೊತೆಗೆ ಹೇಳಬೇಕು. ಸವಾರರನ್ನು ಒಟ್ಟಿಗೆ ಬಿಡದೆ, ಒಬ್ಬೊಬ್ಬರನ್ನೇ ಅಂತರವಿಟ್ಟು ಬಿಟ್ಟು, ಗಡಿಯಾರ ಹಿಡಿದು ಸಮಯ ಅಳೆಯುತ್ತಿದ್ದರು. ಅಂದರೆ ವೇಗವನ್ನೇ ಗುರಿಯಾಗಿಟ್ಟುಕೊಂಡವರು ಮೊದಲು ಮಾಡಿದ ಏರ್ಪಾಡು ಮುಂದೆ ಯಾರೂ ಇಲ್ಲದಂತೆ ನೋಡಿಕೊಳ್ಳುವುದು. ಹಂಚಿಕೊಂಡ ಜಾಡಿನಲ್ಲಿ ಆ ಏರ್ಪಾಡು ಇಲ್ಲ. ಹಾಗಿರುವಾಗ ಪಂದ್ಯದ ವೇಗವನ್ನು ಮಾತ್ರ ತಂದು ಪಂದ್ಯದ ಶಿಸ್ತನ್ನು ಬಿಟ್ಟುಬರುವುದು ನ್ಯಾಯವಲ್ಲ. ನಷ್ಟ ಸಮವೆಂದೆಯಲ್ಲ, ಅಪಾಯವೂ ಸಮವೇ?

ಸವಾರ: ನಿಯಂತ್ರಣದಲ್ಲಿರುವ ವೇಗ ಅಪಾಯವಲ್ಲ.

ಅಧ್ಯಾಪಕಿ: ನಿಯಂತ್ರಣಕ್ಕೂ ಒಂದು ಅಳತೆಯಿದೆ. ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಮಡಿಯಾಗುತ್ತದೆ. ಕಂಡದ್ದು ಮನಸ್ಸಿಗೆ ಹತ್ತಿ ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡು ಹಿಡಿಯುತ್ತದೆಂದು, ಸಡಿಲ ಮಣ್ಣಿನ ಹಿಡಿತ ಡಾಂಬರಿನ ಅರ್ಧದಷ್ಟೆಂದು ಇಟ್ಟುಕೊಂಡರೆ, ಗಂಟೆಗೆ 24 ಕಿಲೋಮೀಟರಿನಲ್ಲಿ ಬರುವವನು ನಿಲ್ಲುವುದಕ್ಕೆ ಸಮತಟ್ಟಿನಲ್ಲೇ ಸುಮಾರು 12 ಮೀಟರ್ ಬೇಕು. 8 ಕಿಲೋಮೀಟರಿನವನಿಗೆ 3 ಮೀಟರ್ ಸಾಕು. ಇಳಿಜಾರಿನಲ್ಲಿ ಎರಡೂ ಹೆಚ್ಚುತ್ತವೆ. ಹೀಗೆ ಹೆಚ್ಚಿದ ಅಪಾಯವನ್ನು ಹುಟ್ಟುಹಾಕುವವನು ಹಿಂದಿನವನು, ಅದರ ಪೆಟ್ಟು ತಿನ್ನುವವರಲ್ಲಿ ಮುಂದಿನವರೂ ಸೇರಿದ್ದಾರೆ. ಇನ್ನೂ ಒಂದು ಅಸಮತೆಯಿದೆ: ಹಿಂದಿನವನಿಗೆ ಮುಂದಿನವರು ಕಾಣುತ್ತಾರೆ, ಮುಂದಿನವರಿಗೆ ಅವನು ಕಾಣುವುದಿಲ್ಲ. ತಿಳಿದವನು ತಿಳಿಯದವರಿಗೆ ತಿಳಿಸುವುದು ಸೌಜನ್ಯದ ಮೊದಲ ಮೆಟ್ಟಿಲು.

ಸವಾರ: ಅದಕ್ಕೇ ‘ಆನ್ ಯುವರ್ ಲೆಫ್ಟ್’, ಅಂದರೆ ‘ನಿಮ್ಮ ಎಡಗಡೆಯಿಂದ ದಾಟುತ್ತಿದ್ದೇನೆ’ ಎಂದು ಕೂಗುವ ರೂಢಿ ಇರುವುದು. ಆದರೆ ಹೊಸಬರು ಅದನ್ನು ಕೇಳಿ ಗಾಬರಿಯಾಗಿ ಎಡಕ್ಕೇ ಹ್ಯಾಂಡಲ್ ತಿರುಗಿಸುತ್ತಾರೆ, ಕೂಗಿದ್ದೇ ತಪ್ಪಾಗುತ್ತದೆ.

ಅಧ್ಯಾಪಕಿ: ಏಕೆಂದರೆ ಆ ಕೂಗು ಬರುವ ಹೊತ್ತಿಗೆ ನಿರ್ಧಾರ ಮುಗಿದಿರುತ್ತದೆ. ಸಾಕಷ್ಟು ದೂರದಿಂದಲೇ ಬೆಲ್ಲು ಬಾರಿಸಿ ಅಥವಾ ನಮಸ್ಕಾರ ಹೇಳಿ, ವೇಗ ತಗ್ಗಿಸಿ, ಅಂತರವಿಟ್ಟು ಹಿಂಬಾಲಿಸುತ್ತ ‘ಅನುಕೂಲವಾದಾಗ ದಾರಿ ಕೊಡಿ’ ಎಂದವನು ಮಾತ್ರ ಮುಂದಿನವರಿಗೆ ಯೋಚಿಸಲು ಅವಕಾಶ ಕೊಟ್ಟಂತೆ. ಮುಂದಿನ ತಿರುವು, ಬೇರು, ಕಲ್ಲು ಅವರ ಕಣ್ಣಿಗೇ ಮೊದಲು ಬೀಳುವುದರಿಂದ, ಬಿಟ್ಟುಕೊಡುವ ಜಾಗವನ್ನು ಆರಿಸುವ ಅಧಿಕಾರವೂ ಅವರದ್ದೇ.

ಸವಾರ: ಹಾಗಾದರೆ ಭಾರವೆಲ್ಲ ವೇಗದವನ ತಲೆಗೇ ಬಂತು. ನಿಧಾನವೇ ಒಂದು ಪುಣ್ಯವೆಂಬಂತೆ, ಹಿಂದೆ ನಾಲ್ಕು ಜನ ಕಾದಿದ್ದರೂ ಮೈಲಿಗಟ್ಟಲೆ ದಾರಿ ಬಿಡದೆ ಹೋಗುವವರಿಗೆ ಏನು ಹೇಳುವುದು?

ಅಧ್ಯಾಪಕಿ: ಅದು ಹಟ. ಜರ್ಮನಿಯ ತತ್ವಜ್ಞಾನಿ ಕಾಂಟ್ 1785ರ ತನ್ನ ಗ್ರಂಥದಲ್ಲಿ ಕರ್ತವ್ಯಗಳನ್ನು ಎರಡಾಗಿ ವಿಂಗಡಿಸಿದ: ಯಾವ ವಿನಾಯಿತಿಯೂ ಇಲ್ಲದೆ ನೆರವೇರಿಸಬೇಕಾದದ್ದು ಪೂರ್ಣ ಕರ್ತವ್ಯ, ನೆರವೇರಿಸಲೇಬೇಕಾದರೂ ಯಾವಾಗ, ಎಷ್ಟು ಎಂಬುದನ್ನು ಮಾಡುವವರ ವಿವೇಕಕ್ಕೆ ಬಿಟ್ಟದ್ದು ಅಪೂರ್ಣ ಕರ್ತವ್ಯ. ಈ ಬೆಳಕಿನಲ್ಲಿ ನೋಡಿದರೆ ಹಿಂದಿನವನು ಮುಂದಿನವರಿಗೆ ಅಪಾಯ ಮಾಡದಿರುವುದು ಮೊದಲನೆಯ ಬಗೆಯದು, ಅದರಲ್ಲಿ ಚೌಕಾಸಿಯಿಲ್ಲ. ಮುಂದಿನವರು ದಾರಿ ಬಿಡುವುದು ಎರಡನೆಯ ಬಗೆಯದು. ಜಾಗ ಅವರ ಆಯ್ಕೆಯಾದರೂ, ಒಳ್ಳೆಯ ಜಾಗಗಳು ಒಂದರ ಮೇಲೊಂದು ಬಂದುಹೋಗುತ್ತಿದ್ದರೂ ಬಿಡದಿದ್ದರೆ ಕರ್ತವ್ಯ ತಪ್ಪಿದಂತೆಯೇ. ಹಿಂದಿನವನು ಕಾಯಲು ಒಪ್ಪಿದ್ದೇ ಮುಂದಿನವರು ಬಿಡುತ್ತಾರೆಂಬ ನಂಬಿಕೆಯ ಮೇಲೆ.

ಸವಾರ: ಬಿಡುವ ಬಗೆಗೂ ಒಂದು ಕ್ರಮವಿರಬೇಕು. ಕೆಲವರು ಗಡಿಬಿಡಿಯಲ್ಲಿ ಪೊದೆಯೊಳಕ್ಕೇ ಸೈಕಲ್ ನುಗ್ಗಿಸುತ್ತಾರೆ.

ಅಧ್ಯಾಪಕಿ: ಹಾಗೆ ನುಗ್ಗಿದಾಗಲೆಲ್ಲ ಅಂಚಿನ ಗಿಡ ಸತ್ತು, ಮಣ್ಣು ಸಡಿಲವಾಗಿ, ಮಳೆಗೆ ಕೊಚ್ಚಿಹೋಗಿ ಜಾಡು ಅಗಲವಾಗುತ್ತದೆ, ಹಿಂದಿನವನು ಚಕ್ರ ಜಾರಿಸಿ ಬ್ರೇಕು ಹಾಕಿದರೂ ನೆಲ ಕಿತ್ತುಬರುತ್ತದೆ. ಆದುದರಿಂದ ಗಟ್ಟಿ ನೆಲ ಸಿಕ್ಕಲ್ಲಿ ಅಂಚಿಗೆ ಸರಿದು, ಒಂದು ಕಾಲು ಕೆಳಗಿಟ್ಟು, ಸೈಕಲ್ಲನ್ನು ಓರೆಯಾಗಿಸಿ ನಿಲ್ಲುವುದು ಸರಿಯಾದ ಕ್ರಮ. ದಾಟುವವನು ಕೃತಜ್ಞತೆ ಹೇಳಿ, ಹಿಂದೆ ತನ್ನವರು ಇನ್ನಿಬ್ಬರಿದ್ದರೆ ‘ಇನ್ನಿಬ್ಬರಿದ್ದಾರೆ’ ಎಂದು ಹೇಳಿಹೋಗಬೇಕು. ಇಲ್ಲವಾದರೆ ನಿಂತವರು ಜಾಡಿಗೆ ಮರಳುವ ಹೊತ್ತಿಗೆ ಹಿಂದೆ ಬರುತ್ತಿದ್ದವನು ಮೈಮೇಲೆ ಬಂದಿರುತ್ತಾನೆ.

ಸವಾರ: ಹಕ್ಕಿನ ದಾರಿಯಲ್ಲಿ ಹೋಗುವುದಕ್ಕೆ ಕೃತಜ್ಞತೆ ಯಾಕೆ?

ಅಧ್ಯಾಪಕಿ: ಹಕ್ಕು ಇರುವುದು ಜಾಡಿನ ಮೇಲೆ, ಇನ್ನೊಬ್ಬರ ಸಮಯದ ಮೇಲಲ್ಲ. ಆ ಹಕ್ಕಾದರೂ ಷರತ್ತಿನೊಂದಿಗೇ ಬಂದದ್ದು. ಇಂಗ್ಲೆಂಡಿನಲ್ಲಿ ಕುದುರೆದಾರಿಗಳ ಮೇಲೆ ಸೈಕಲ್ಲಿಗೆ ಹಕ್ಕು ಕೊಟ್ಟ 1968ರ ಗ್ರಾಮಾಂತರ ಕಾಯಿದೆಯು ನಡೆಯುವವರಿಗೂ ಕುದುರೆಯವರಿಗೂ ದಾರಿ ಬಿಡಬೇಕೆಂದು ಅದೇ ಕಲಮಿನಲ್ಲಿ ವಿಧಿಸಿತು. ಕಾಯಿದೆ ಅಷ್ಟನ್ನು ಕಟ್ಟಿಕೊಡಬಲ್ಲದು. ನಿಂತವರು ಬಿಟ್ಟುಕೊಟ್ಟ ಆ ಅರೆನಿಮಿಷವನ್ನು ಗುರುತಿಸುವುದು ಮಾತಿಗೆ ಬಿಟ್ಟ ಕೆಲಸ. ಅದೂ ಇಲ್ಲದಿದ್ದರೆ ಕೊಟ್ಟದ್ದು ಕಪ್ಪವಾಗುತ್ತದೆ, ಮುಂದಿನ ಸಲ ಕೊಡುವ ಮನಸ್ಸು ಮುದುಡುತ್ತದೆ.

ಸವಾರ: ಕೊನೆಯದಾಗಿ ಒಂದು ಆಕ್ಷೇಪ. ಇಳಿಯುವವರಿಗೆಂದೇ ಕಟ್ಟಿದ ಏಕಮುಖ ಜಾಡುಗಳಿವೆ. ಅಲ್ಲಿ ಮಣ್ಣಿನ ದಿಬ್ಬದಿಂದ ಹಾರಿ ಕೆಳಗೆ ಇಳಿಯುವುದೇ ಉದ್ದೇಶ. ಹಾರಿದವನು ಬಂದಿಳಿಯುವ ಜಾಗದಲ್ಲಿ ನಿಧಾನದವರೊಬ್ಬರು ದಣಿವಾರಿಸಿಕೊಳ್ಳುತ್ತ ನಿಂತಿದ್ದರೆ, ಅಲ್ಲಿಯೂ ವೇಗದವನೇ ಹೊಣೆಯೇ?

ಅಧ್ಯಾಪಕಿ: ಅಲ್ಲ, ಅಲ್ಲಿ ನಿಂತವರೇ ಹೊಣೆ. ಗಾಳಿಯಲ್ಲಿರುವವನು ಬ್ರೇಕು ಹಾಕಲಾರ, ದಿಬ್ಬದ ಆಚೆ ಅವನಿಗೆ ಕಾಣುವುದೂ ಇಲ್ಲ. ನಿಂತವರಿಗೆ ಜಾಗದ ಸ್ವರೂಪ ಗೊತ್ತು, ಎರಡು ಹೆಜ್ಜೆ ಸರಿಯುವುದಕ್ಕೆ ಖರ್ಚೂ ಇಲ್ಲ. ಏರಿನಲ್ಲಿ, ಇಕ್ಕಟ್ಟಿನಲ್ಲಿ, ಇಲ್ಲಿ ಮೂರು ಕಡೆಯೂ ತೀರ್ಪು ಬೇರೆಬೇರೆಯಾಗಿ ಕಂಡರೂ ಅಳತೆಗೋಲು ಒಂದೇ: ಹೆಚ್ಚು ತಿಳಿದವರು, ಕಡಿಮೆ ನಷ್ಟದಲ್ಲಿ ಅಪಾಯ ತಪ್ಪಿಸಬಲ್ಲವರು ಮೊದಲು ಕದಲಬೇಕು.

ಸವಾರ: ಹಾಗಾದರೆ ವೇಗ, ನಿಧಾನಗಳಿಗೆ ತಮ್ಮಷ್ಟಕ್ಕೆ ಯಾವ ಹೊಣೆಯೂ ಇಲ್ಲ, ಯಾವ ಹಿರಿಮೆಯೂ ಇಲ್ಲ.

ಅಧ್ಯಾಪಕಿ: ಇಲ್ಲ. ಆದರೆ ಹಂಚಿಕೊಂಡ ಜಾಡಿನಲ್ಲಿ ಆ ತಿಳಿವೂ ತಪ್ಪಿಸುವ ಶಕ್ತಿಯೂ ಹೆಚ್ಚು ಸಲ ಹಿಂದಿನಿಂದ ಬರುವವನ ಕೈಯಲ್ಲೇ ಇರುತ್ತವೆ. ಆದುದರಿಂದ ಅವನು ಹೆಚ್ಚು ಸಲ ಕಾಯಬೇಕಾಗುತ್ತದೆ, ಅದನ್ನು ಶಿಕ್ಷೆಯೆಂದು ತಿಳಿಯಬೇಕಾಗಿಲ್ಲ.